ಹೊಸನಗರದಲ್ಲಿ ಆರುವ, ಸಾಗರದಲ್ಲಿ ಓಡುವ ಕಂಪ್ಯೂಟರ್

ಓದಿದವನಿಗೆ ನಾಚಿಕೆಯಾಗುವುದು ಅಷ್ಟು ಸುಲಭವಲ್ಲ. ಓದದವನು ತಪ್ಪು ಮಾಡಿದರೆ ತಲೆ ಕೆರೆದುಕೊಂಡು ‘ಗೊತ್ತಾಗ್ಲಿಲ್ಲ’ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಓದಿದವನು ಆ ಒಂದು ಮಾತಿಗೆ ಬರುವಷ್ಟರಲ್ಲಿ ಊರಿನವರ ಮೇಲೆಲ್ಲ ತಪ್ಪು ಹೊರಿಸಿ ಮುಗಿಸಿರುತ್ತಾನೆ. ನಾನು ಹೊರಿಸಿ ಮುಗಿಸಿದ್ದೇನೆ. ಹಾಗಾಗಿ ಈಗ ಹೇಳಬಹುದು.

ಮೊದಲು ಸಣ್ಣ ನಾಚಿಕೆಯನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಆಡುತ್ತೇನೆ. ಹೊಸನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ವಯಸ್ಸು ಐವತ್ತೊಂದು, ಸ್ಕೂಟರಿಗೂ ಲೈಸೆನ್ಸ್ ಇಲ್ಲ. ಹಗಲಿಡೀ ಮಕ್ಕಳ ಚೀಲದಿಂದ ಮೊಬೈಲ್ ಕಿತ್ತುಕೊಂಡು ‘ಗೇಮ್ ಆಡಿ ಹಾಳಾಗ್ತೀರಿ’ ಎಂದು ಕೂಗುವ ನಾನು ಸಂಜೆ ಐದಕ್ಕೆ ಮನೆಗೆ ಬಂದು, ಹದಿನೆಂಟು ಚಕ್ರದ ಲಾರಿಯಲ್ಲಿ ಗಾಜಿನ ಸಾಮಾನು ತುಂಬಿಕೊಂಡು, ಹೆಸರು ಹೇಳಲು ನಾಲಗೆ ಹೊರಳದ ಊರುಗಳ ನಡುವೆ ಓಡಾಡುತ್ತೇನೆ. ಹೆಂಡತಿ ಜಯಂತಿ ತೀರ್ಥಹಳ್ಳಿ ಕಡೆಯವಳು, ಮಾತು ಚುರುಕು. ‘ಟೀ ಆಗಿದೆ, ಲಾರಿ ಸೈಡಿಗೆ ಹಾಕಿ ಕುಡ್ಕಂಡು ಹೋಗಿ’ ಎನ್ನುತ್ತಾಳೆ.

ಈ ಕಂಪ್ಯೂಟರನ್ನು ಜೋಡಿಸಿಕೊಟ್ಟವರು ಸಾಗರದ ನಾಗವೇಣಿ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮೇಜು, ಎರಡು ಸ್ಟೂಲು ಹಿಡಿಯುವಷ್ಟು ಅಂಗಡಿ. ಕೊಡುವಾಗ ‘ಸರ್, ಗಾಳಿ ಆಡೋ ಹಂಗೆ ಇಡಿ’ ಎಂದು ಒಂದೇ ಒಂದು ಮಾತು ಹೇಳಿದ್ದರು. ‘ನಾನು ಬಿಎಸ್ಸಿ ಮಾಡಿದವ್ನಮ್ಮ’ ಎಂದು ನಾನು ಆ ಮಾತನ್ನು ಅಲ್ಲಿಯೇ ಬಿಟ್ಟು ಬಂದಿದ್ದೆ.

ಬಿಎಸ್ಸಿಯ ಮಾತು ಬಂತು, ಅದನ್ನು ಹೇಳದೆ ಮುಂದೆ ಹೋಗುವ ಅಭ್ಯಾಸ ನನಗಿಲ್ಲ. ನಮ್ಮೂರು ಕವಲೇದುರ್ಗದ ಬುಡದಲ್ಲಿ. ನಮ್ಮ ವಂಶದಲ್ಲಿ ಕಾಲೇಜು ಕಂಡ ಮೊದಲನೆಯವನು ನಾನು. ನನ್ನ ಅಂಕಪಟ್ಟಿಗಳನ್ನು ಅವ್ವ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದಳು. ನಮ್ಮ ಕಡೆ ಮಳೆಗಾಲದಲ್ಲಿ ಬೂಸ್ಟು ಹಿಡಿಯಬಾರದ್ದೆಲ್ಲ ಹೋಗುವುದು ಅಲ್ಲಿಗೇ: ಬೀಜದ ಸೌತೆಕಾಯಿ, ಉಪ್ಪಿನ ಮಡಕೆ, ನಂತರ ನನ್ನ ವಿದ್ಯೆ. ಕೆಲಸದ ಸಂದರ್ಶನಕ್ಕೆ ಹೋದಾಗ ಸಾಹೇಬರು ಕಾಗದಗಳನ್ನು ಮೂಸಿ, ‘ಏನಪ್ಪಾ, ಇದನ್ನ ಸುಟ್ಟು ತಂದಿದ್ದೀಯಾ?’ ಎಂದಿದ್ದರು. ಹೊಗೆಯ ಆ ವಾಸನೆ ಇವತ್ತಿಗೂ ಹೋಗಿಲ್ಲ.

ಈಗ ಪದವಿ ಪತ್ರಕ್ಕೆ ಗಾಜಿನ ಫ್ರೇಮ್ ಹಾಕಿಸಿದ್ದೇನೆ. ಆದರೆ ಮನೆಯಲ್ಲಿರುವುದು ಗ್ಯಾಸ್ ಒಲೆ, ಅದಕ್ಕೆ ಅಟ್ಟವಿಲ್ಲ. ಪ್ರತಿ ಆಷಾಢದಲ್ಲೂ ಗಾಜಿನೊಳಗೆ ಬಿಳಿ ಚುಕ್ಕೆ ಏಳುತ್ತಿತ್ತು. ಈ ವರ್ಷ ಹೊಸದೊಂದನ್ನು ಕಂಡುಹಿಡಿದೆ: ಲಾರಿ ಓಡುವಾಗ ಕಂಪ್ಯೂಟರ್ ಪೆಟ್ಟಿಗೆಯ ತಲೆ ಬೆಚ್ಚಗಿರುತ್ತದೆ! ಫ್ರೇಮನ್ನು ಅದರ ಮೇಲೆ ಮಲಗಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ‘ಎಂತ, ಅದಕ್ಕೂ ಲಾರಿ ಕಲಿಸ್ತೀರಾ?’ ಎಂದಳು ಜಯಂತಿ.

ಅದೇ ವಾರ ಒಂದು ವೀಡಿಯೋ ನೋಡಿದೆ. ಹೊಸ ಕಂಪ್ಯೂಟರಿನ ಮೆಮೊರಿ ತನ್ನ ಮೇಲೆ ಬರೆದಷ್ಟು ವೇಗದಲ್ಲಿ ಓಡುವುದೇ ಇಲ್ಲವಂತೆ, ನಾವೇ ಸೆಟ್ಟಿಂಗಿನಲ್ಲಿ ಏರಿಸಬೇಕಂತೆ. ನೋಡುತ್ತೇನೆ, ನಿಜ! ಮೆಮೊರಿ ಪಟ್ಟಿಯ ಮೇಲೆ ಮೂರು ಸಾವಿರದ ಇನ್ನೂರು ಎಂದಿದೆ, ಓಡುತ್ತಿರುವುದು ಎರಡು ಸಾವಿರದ ಚಿಲ್ಲರೆಯಲ್ಲಿ. ಶಕ್ತಿಯಿದ್ದೂ ಓದದ ಹುಡುಗನನ್ನು ಕಂಡರೆ ಮೇಷ್ಟ್ರಿಗೆ ಎಷ್ಟು ಸಿಟ್ಟು ಬರುತ್ತದೆಂದು ನಿಮಗೆ ಗೊತ್ತಲ್ಲ. ಮೂರು ಸಾವಿರದ ಇನ್ನೂರಕ್ಕೆ ಏರಿಸಿದೆ. ಅದು ತಡೆದುಕೊಂಡಿತು. ಉಮೇದು ಬಂದು ಮೂರು ಸಾವಿರದ ಆರುನೂರು ಮಾಡಿದೆ. ಕಾಲು ಗಂಟೆ ಲಾರಿ ಓಡಿಸಿದ್ದೇ ತಡ, ಕಂಪ್ಯೂಟರ್ ಫಟ್ಟೆಂದು ಆರಿತು.

ಮೆಮೊರಿಯನ್ನು ಮೊದಲಿನ ಜಾಗಕ್ಕೇ ಇಳಿಸಿದೆ. ಮತ್ತೆ ಆರಿತು. ಶಾಖ ತೋರಿಸುವ ಪ್ರೋಗ್ರಾಂ ಹಾಕಿ ನೋಡಿದರೆ ಪ್ರೊಸೆಸರ್ ತೊಂಬತ್ತೆಂಟು ಡಿಗ್ರಿ ಮುಟ್ಟುತ್ತಿದೆ. ಪ್ರೊಸೆಸರಿಗೂ ಅದನ್ನು ತಂಪು ಮಾಡುವ ಫ್ಯಾನಿಗೂ ನಡುವೆ ಹಚ್ಚುವ ಒಂದು ಪೇಸ್ಟಿದೆ. ಕಡಲೆಕಾಳಿನಷ್ಟು ಸಾಕು ಎನ್ನುತ್ತಾರೆ. ನಾನು ಧಾರಾಳಿ. ‘ಹೋಳಿಗೆಗೆ ತುಪ್ಪ ಹಾಕ್ದಂಗೆ ಹಾಕಿದ್ರಲ್ಲ’ ಎಂದಳು ಜಯಂತಿ. ಆದರೂ ಆರಿತು.

ಕೊನೆಗೆ ಸಾಗರದ ಬಸ್ಸು ಹತ್ತಿದೆ. ಹೊರಡುವ ಮೊದಲು ಪದವಿ ಪತ್ರವನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು, ಕಂಪ್ಯೂಟರನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ‘ಮೇಷ್ಟ್ರೆ, ಇದಕ್ಕೆ ಹಾಫ್ ಟಿಕೆಟಾ?’ ಎಂದ ಕಂಡಕ್ಟರ್. ನಾಗವೇಣಿ ನನ್ನ ತುಪ್ಪವನ್ನೆಲ್ಲ ಒರೆಸಿ ತೆಗೆದು, ಹೊಸದಾಗಿ ಹಚ್ಚಿ, ಮೆಮೊರಿಯನ್ನು ಮೂರು ಸಾವಿರದ ಇನ್ನೂರಕ್ಕೆ ನಿಲ್ಲಿಸಿ, ನನ್ನ ಲಾರಿಯನ್ನೇ ಎರಡು ಗಂಟೆ ಓಡಿಸಿದರು. ಶಾಖ ಅರವತ್ತೈದು ದಾಟಲಿಲ್ಲ. ಮನೆಗೆ ತಂದೆ. ಬೀರುವಿನಿಂದ ಪದವಿ ಪತ್ರ ತೆಗೆದು ಮೇಲಿಟ್ಟೆ, ಆಮೇಲೆ ಸ್ವಿಚ್ಚು ಒತ್ತಿದೆ. ಕಾಲು ಗಂಟೆಗೆ ಫಟ್.

ಎರಡನೆಯ ಸಲವೂ ಹೀಗೆಯೇ ಆಯಿತು. ಮೂರನೆಯ ಸಲ ಹೋಗುವಾಗ ನಾನು ರಿಪೇರಿಗೆ ಹೋಗಲಿಲ್ಲ, ಜಗಳಕ್ಕೇ ಹೋದೆ. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು.

‘ಹಳೇ ಮೆಮೊರಿ ಹಾಕಿ ಕೊಟ್ಟಿದೀರಿ’ ಎಂದೆ.

‘ನಿಮ್ಮೆದ್ರಿಗೇ ಡಬ್ಬ ಒಡ್ದಿದ್ದಲ್ವಾ ಸರ್.’

‘ಹಾಗಾದ್ರೆ ಜೋಡಿಸೋಕೆ ಬಂದಿಲ್ಲ. ನೀವು ಓದಿದ್ದು ಎಷ್ಟು?’

ನಾಗವೇಣಿ ಸ್ಕ್ರೂಡ್ರೈವರ್ ಕೆಳಗಿಟ್ಟರು. ‘ಪಿಯುಸಿ ಸರ್. ಅದ್ರಲ್ಲೂ ಒಂದ್ ಸಬ್ಜೆಕ್ಟ್ ಹೋಗಿದೆ.’

‘ಯಾವುದು?’

‘ಫಿಸಿಕ್ಸು.’

ನಾನು ಗಿರಾಕಿಗಳ ಕಡೆ ತಿರುಗಿ ‘ಕೇಳಿದ್ರಾ?’ ಎಂದೆ. ಹೌದು, ಎಂದೆ. ಒಬ್ಬ ಗಿರಾಕಿ ತನ್ನ ಲ್ಯಾಪ್‌ಟಾಪನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡು ಹೊರಟೇಹೋದ. ನಾಗವೇಣಿ ಅವನು ಹೋದ ದಾರಿಯನ್ನು ನೋಡಿದರು, ಆಮೇಲೆ ಬಟ್ಟೆಯಲ್ಲಿ ಫ್ಯಾನು ಒರೆಸುತ್ತ, ‘ಮನೇಲಿ ಇಟ್ಟ ಜಾಗದ್ದೊಂದು ಫೋಟೋ ಕಳ್ಸಿ ಸರ್’ ಎಂದರು. ಅಷ್ಟೇ.

ಮನೆಗೆ ಬಂದು ಎಲ್ಲವನ್ನೂ ಮೊದಲಿನಂತೆಯೇ ಇಟ್ಟು ಫೋಟೋ ತೆಗೆದೆ. ಇನ್ನೊಂದು ನಾಚಿಕೆ ಇಲ್ಲಿದೆ: ಪದವಿ ಪತ್ರದಲ್ಲಿನ ನನ್ನ ಹೆಸರು ಓದುವ ಹಾಗೆ ಕಾಣಲಿ ಎಂದು ಕುರ್ಚಿ ಹತ್ತಿ ಮೇಲಿನಿಂದ ತೆಗೆದೆ. ಪಿಯುಸಿಯವರು ನೋಡಿಕೊಳ್ಳಲಿ ಎಂದು.

ಐದು ನಿಮಿಷಕ್ಕೆ ಫೋನ್ ಬಂತು. ‘ಸರ್, ಮೇಲೆ ಎಂತದು ಅದು?’

‘ನನ್ನ ಬಿಎಸ್ಸಿ ಪದವಿ ಪತ್ರ.’

‘ಅದ್ರಡಿಗೆ ಫ್ಯಾನಿನ ಕಿಂಡಿ ಇದೆ ಸರ್. ಬಿಸಿ ಗಾಳಿ ಮೇಲೆ ಹೋಗ್ಬೇಕಲ್ಲ.’

ಬಿಸಿ ಗಾಳಿ ಮೇಲಕ್ಕೇರುತ್ತದೆ. ಇಪ್ಪತ್ತಾರು ವರ್ಷಗಳಿಂದ ನಾನು ಮೇಣದಬತ್ತಿ ಹಚ್ಚಿ, ಮೇಲೆ ಕಾಗದದ ಸುರುಳಿ ತಿರುಗಿಸಿ, ತೋರಿಸುತ್ತ ಬಂದಿರುವ ಪಾಠ. ಫ್ರೇಮು ತೆಗೆದಿಟ್ಟು ಒಂದು ಗಂಟೆ ಲಾರಿ ಓಡಿಸಿದೆ. ಅರವತ್ತೆರಡು. ಗಾಜಿನ ಸಾಮಾನು ಒಂದೂ ಒಡೆಯದೆ ಊರು ಮುಟ್ಟಿತು. ಇಳಿದು ನೋಡಿದರೆ ಒಳಗೆ ಒಡೆದದ್ದು ಬೇರೆ ಏನೋ ಇತ್ತು.

ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಮೇಜಿನಾಚೆಯವರು ಇಂಕಿನ ಪ್ಯಾಡು ಮುಂದೆ ತಳ್ಳಿ, ಉತ್ತರ ಗೊತ್ತಿದ್ದೂ, ಎಲ್ಲರಿಗೂ ಕೇಳುವ ಹಾಗೆ ‘ಓದಿದ್ದು ಎಷ್ಟು?’ ಎಂದಿದ್ದರು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅಪ್ಪ ಇಂಕು ಹತ್ತಿದ ಹೆಬ್ಬೆರಳನ್ನು ಟವೆಲಿನೊಳಗೆ ಮುಚ್ಚಿಟ್ಟುಕೊಂಡಿದ್ದ. ನಾನು ಓದಿದ್ದು ಆ ಮಾತಿಗಾಗಿ. ಓದಿ ಮುಗಿಸಿ, ಅದೇ ಮಾತನ್ನು, ಅದೇ ದನಿಯಲ್ಲಿ, ಸಾಗರಕ್ಕೆ ಹೋಗಿ ಆಡಿ ಬಂದಿದ್ದೆ.

‘ಫೋನಲ್ಲಿ ಸಾರಿ ಅಂದ್ಬಿಡ್ಲಾ?’ ಎಂದು ಜಯಂತಿಯನ್ನು ಕೇಳಿದೆ.

‘ಬಾಯಿ ಬಿಟ್ಟಿದ್ದು ಅಂಗಡೀಲಿ. ಮುಚ್ಚೋದೂ ಅಲ್ಲೇ’ ಎಂದಳು.

ಶನಿವಾರ ಮಧ್ಯಾಹ್ನ ಹೋದೆ. ಈ ಸಲ ತೊಡೆಯ ಮೇಲೆ ಏನೂ ಇರಲಿಲ್ಲ, ಆದರೂ ಭಾರವಾಗಿತ್ತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು. ಅವರು ಹೋಗಲಿ ಎಂದು ಹೊರಗೆ ನಿಂತೆ. ಬೈಯುವಾಗ ಹೀಗೆ ಕಾದು ನಿಂತಿರಲಿಲ್ಲವಲ್ಲ ಎಂದು ನೆನಪಾಗಿ ಒಳಗೆ ಹೋದೆ. ‘ಮೆಮೊರಿ ಸರಿಯಿದೆ, ಜೋಡಿಸಿದ್ದೂ ಸರಿಯಿದೆ. ತಪ್ಪು ನನ್ನದು. ನಿಮ್ಮ ಓದಿನ ಮಾತು ನಾನು ಎತ್ತಬಾರದಿತ್ತು’ ಎಂದೆ. ದನಿ ತರಗತಿಯಲ್ಲಿ ಬರುವಷ್ಟು ಗಟ್ಟಿಯಾಗಿ ಬರಲಿಲ್ಲ.

‘ಇರ್ಲಿ ಬಿಡಿ ಸರ್, ಕೂತ್ಕಳಿ’ ಎಂದರು ನಾಗವೇಣಿ. ನನಗೆ ಕೂಡಲೇ ಜೀವ ಬಂತು. ‘ಆ ಫಿಸಿಕ್ಸ್ ಪರೀಕ್ಷೆ ಈಗ್ಲೂ ಕಟ್ಟಬಹುದು. ನಾನೇ ಹೇಳಿಕೊಡ್ತೀನಿ’ ಎಂದುಬಿಟ್ಟೆ.

ಅವರು ತಲೆಯೆತ್ತಿ ನೋಡಿದರು. ‘ಬ್ಯಾಡ ಸರ್. ಮತ್ತೊಂದ್ಸಲ ಹೋಗ್ತದೆ.’

ಇಬ್ಬರು ಗಿರಾಕಿಗಳೂ ನಕ್ಕರು. ಅದು ನನಗೆ ಸಲ್ಲಬೇಕಾದದ್ದೇ. ಹೊರಡುವಾಗ ನಾಗವೇಣಿ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ‘ಇದರ ಮೇಲೆ ಏನನ್ನೂ ಇಡಬಾರದು’ ಎಂದು ಬರೆದು, ಕಂಪ್ಯೂಟರಿನ ಪಕ್ಕಕ್ಕೆ ಅಂಟಿಸಿಕೊಳ್ಳಿ ಎಂದು ಕೊಟ್ಟರು.

ಅಂಟಿಸಿದ್ದೇನೆ. ಪದವಿ ಪತ್ರ ಈಗ ಗೋಡೆಯಲ್ಲಿದೆ. ಬಿಳಿ ಚುಕ್ಕೆಗಳು ನನ್ನ ಹೆಸರಿನ ಹತ್ತಿರಕ್ಕೆ ಬಂದಿವೆ, ಬರಲಿ. ಆದರೆ ನಿನ್ನೆ ನೋಡುತ್ತೇನೆ, ಥಂಡಿಗೆ ಆ ಚೀಟಿಯ ಅಂಚೂ ಏಳತೊಡಗಿದೆ, ಇಂಕು ಮೆತ್ತಗಾಗಿದೆ. ಇಷ್ಟು ಬೆಲೆ ತೆತ್ತು ಪಡೆದ ಕಾಗದ ಹಾಳಾಗಬಾರದು. ಒಂದು ಗಾಜಿನ ಫ್ರೇಮ್ ಹಾಕಿಸಿ ಬೆಚ್ಚಗಿರುವ ಕಡೆ ಮಲಗಿಸಿದರೆ ಹೇಗೆ ಎಂದು, ಸ್ಕೇಲ್ ಹಿಡಿದು ಕಂಪ್ಯೂಟರಿನ ತಲೆಯ ಅಳತೆ ತೆಗೆಯುತ್ತಿದ್ದೆ. ಬಾಗಿಲಲ್ಲಿ ಜಯಂತಿ ಟೀ ಲೋಟ ಹಿಡಿದು ನಿಂತಿದ್ದಳು. ಅವಳು ಸ್ಕೇಲನ್ನೊಮ್ಮೆ, ಚೀಟಿಯಲ್ಲಿ ಬರೆದದ್ದನ್ನೊಮ್ಮೆ ನೋಡಿದಳು. ನಾನೇ ಸ್ಕೇಲನ್ನು ಶಾಲೆಯ ಚೀಲದೊಳಗೆ ಹಾಕಿದೆ.