ತಾಂಬೂಲದಲ್ಲಿ ವಕೀಲರ ಚೀಟಿ

ಗಂಡನ ವಕೀಲಿ ವೃತ್ತಿಗೆ ಊರಿನ ಪರಿಚಯ ಬೆಳೆಸಿಕೊಡುವುದು ನನ್ನ ಎಡಗೈ ಕೆಲಸವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಾನ್ವೆಂಟಿನಲ್ಲಿ ಓದಿದವರಿಗೆ ಇಂಥ ನಂಬಿಕೆಗಳು ಬೇಗ ಬರುತ್ತವೆ. ಕಾಫಿ ಬಟ್ಟಲನ್ನು ಸದ್ದಾಗದಂತೆ ಇಡುವುದು, ಬಂದವರ ಕ್ಷೇಮ ವಿಚಾರಿಸುವುದು, ವಿಸಿಟಿಂಗ್ ಕಾರ್ಡನ್ನು ಎರಡೇ ಬೆರಳಲ್ಲಿ ಹಿಡಿದು ನೀಡುವುದು, ಎಲ್ಲವನ್ನೂ ನಮಗೆ ಕಲಿಸಿದ್ದರು. ಯಾರಿಗೆ ನೀಡಬಾರದು ಎಂಬುದನ್ನು ಮಾತ್ರ ಕಲಿಸಿರಲಿಲ್ಲ.

ಕೊಳ್ಳೇಗಾಲವು ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ಹೊಸತು. ಇನ್ನುಮುಂದೆ ಅಲ್ಲಿನ ಕೋರ್ಟಿಗೆ ಕನ್ನಡದಲ್ಲಿ ಬರೆಯಬಲ್ಲ ವಕೀಲರು ಬೇಕಾಗುತ್ತಾರೆಂದು ಯಾರೋ ಹೇಳಿದರು. ಅದನ್ನು ನಂಬಿ ನಾವು ಮೈಸೂರಿನಿಂದ ಎರಡು ಟ್ರಂಕು ಮತ್ತು ಒಂದು ಕರಿ ಕೋಟಿನ ಸಮೇತ ಬಂದಿಳಿದೆವು. ಊರಿನಲ್ಲಿ ಒಂದು ಮುಖದ ಗುರುತೂ ಇಲ್ಲ. ಇವರು ದಿನಾ ಬೆಳಿಗ್ಗೆ ಜಗಲಿಯ ಬೆಂಚನ್ನು ಒರೆಸಿ ಕಕ್ಷಿದಾರರಿಗಾಗಿ ಕಾಯುತ್ತಿದ್ದರು. ಅದರ ಮೇಲೆ ಬಂದು ಕೂರುತ್ತಿದ್ದುದು ಎದುರು ಮನೆಯ ಬೆಕ್ಕು.

ಅಷ್ಟರಲ್ಲಿ ನಂಜನಗೂಡಿನಿಂದ ಭಾವನವರ ಕಾಗದ ಬಂತು. ದೀಪಾವಳಿಯೊಳಗೆ ಒಂದಾದರೂ ಕೇಸು ಸಿಗದಿದ್ದರೆ ತಮ್ಮನು ಹಿಂದಿರುಗಿ ಬಟ್ಟೆ ಅಂಗಡಿಯಲ್ಲಿ ಕುಳಿತುಕೊಳ್ಳತಕ್ಕದ್ದು. ಇವರಿಗೆ ಗಜಕಡ್ಡಿ ಕಂಡರೇ ಜ್ವರ. ಕಾಗದವನ್ನು ಎರಡು ಸಲ ಓದಿದರು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು, ಜೇಬಿನ ಮೇಲೆ ಅಂಗೈ ಇಟ್ಟುಕೊಂಡೇ ಊಟಕ್ಕೆ ಕುಳಿತರು. ಆ ಕ್ಷಣವೇ ನಾನು ಕಾರ್ಯೋನ್ಮುಖಳಾದೆ.

ಮೈಸೂರಿನಲ್ಲಿದ್ದ ನನ್ನ ಅಣ್ಣನಿಗೆ ಬರೆದು ಇವರ ಹೆಸರಿನ ಕಾರ್ಡುಗಳನ್ನು ಗುಟ್ಟಾಗಿ ಅಚ್ಚು ಹಾಕಿಸಿದೆ. ಮುಂಭಾಗದಲ್ಲಿ ಇಂಗ್ಲಿಷು, ಅಂಚಿಗೆ ನೀಲಿ ಗೆರೆ. ಹಿಂಭಾಗಕ್ಕೆ ನನ್ನದೇ ಕನ್ನಡ: ‘ಆಸ್ತಿ ಪಾಲು ಹಾಗೂ ಜಮೀನು ವ್ಯಾಜ್ಯಗಳನ್ನು ಅಕ್ಕರೆಯಿಂದ ನಡೆಸಿಕೊಡಲಾಗುವುದು.’ ‘ಅಕ್ಕರೆಯಿಂದ’ ಎಂಬ ಪದ ಹೊಳೆದಾಗ ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಇನ್ನು ಹಂಚುವುದು ಹೇಗೆ? ಹೆಂಗಸಾದ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಂಚುವಂತಿಲ್ಲ. ಪಕ್ಕದ ಮನೆಯ ಪುಟ್ಟಮಲ್ಲಮ್ಮನವರನ್ನು ಕೇಳಿದೆ. ಯಳಂದೂರು, ಮಾಂಬಳ್ಳಿ, ಹನೂರು, ಎಲ್ಲಿ ಕಲ್ಲೆಸೆದರೂ ಅವರ ನೆಂಟರ ಮನೆಗೇ ಬೀಳುತ್ತಿತ್ತು.

“ಶ್ರಾವಣ ಶುಕ್ರವಾರ ಅರಿಸಿನ ಕುಂಕುಮಕ್ಕೆ ಕರೀರವ್ವಾ. ಎಲ್ರೂ ಬತ್ತಾರೆ. ಜಮೀನಿರೋ ಮನೆ ಸೊಸೇರ್ನೆಲ್ಲಾ ನಾನು ಏಳಿ ಕರೆಸ್ತೀನಿ,” ಎಂದರು.

ಜಮೀನಿರುವ ಮನೆಗಳು! ನನಗೆ ಬೇಕಾಗಿದ್ದುದೂ ಅದೇ.

ಶುಕ್ರವಾರ ನಡುಮನೆಯಲ್ಲಿ ಚಾಪೆ ಸಾಲಲಿಲ್ಲ. ಕುಂಕುಮವಿಟ್ಟು, ಹೂ ಕೊಟ್ಟು, ಎಲೆ, ಅಡಿಕೆ, ತೆಂಗಿನಕಾಯಿಯ ತಾಂಬೂಲವನ್ನು ಒಬ್ಬೊಬ್ಬರ ಮಡಿಲಿಗೂ ಹಾಕಿದೆ. ಎರಡು ವೀಳ್ಯದೆಲೆಗಳ ನಡುವೆ ಒಂದೊಂದು ಕಾರ್ಡು. ಮಾಂಬಳ್ಳಿಯ ಪುಟ್ಟ ಸೊಸೆಯೊಬ್ಬಳು ಅದರ ನೀಲಿ ಗೆರೆಯನ್ನು ಬೆರಳಲ್ಲಿ ಸವರಿ, “ಲಕ್ಷಣವಾಗಿ ಅದೆ ಕಣಕ್ಕಾ,” ಎಂದಳು. ನಾನು ಕಾನ್ವೆಂಟಿನ ನಗೆ ನಕ್ಕೆ.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಗದ್ದಲ. ಇಣುಕಿ ನೋಡಿದರೆ ವಿಭೂತಿ ಧರಿಸಿದ ಆರು ಜನ ಯಜಮಾನರು! ಇವರು ಕೋಟಿನ ಒಂದೇ ತೋಳಿಗೆ ಕೈ ತೂರಿಸಿಕೊಂಡು ಒಳಗೆ ಓಡಿಬಂದರು.

“ಆರು ಜನ ಕಣೇ, ಆರು. ಗಟ್ಟಿ ಹಾಲಿನ ಕಾಫಿ ಮಾಡು.”

“ನನಗೆ ಗೊತ್ತಿತ್ತು,” ಎಂದೆ ಗಂಭೀರವಾಗಿ.

ಕಾಫಿ ಸೋಸುವ ಹೊತ್ತಿಗೆ ಆರು ಯಜಮಾನರೂ ಆರು ಕಾರ್ಡುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದರು. ಅರಿಸಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು.

“ಏಳ್ಬುಡಿ ಸಾ,” ಎಂದರು ಹಿರಿಯರು. “ನಮ್ಮನೆ ಸೊಸೇರಲ್ಲಿ ಪಾಲು ಕೇಳಾಕೆ ನಿಮ್ಮತ್ರ ಬಂದಿದ್ದೋಳು ಯಾರು?”

ಕಾರ್ಡನ್ನು ಆಗಲೇ ಮೊದಲ ಬಾರಿ ನೋಡುತ್ತಿದ್ದ ಇವರು, “ಯಾರೂ ಬಂದಿಲ್ಲವಲ್ಲ,” ಎಂದರು.

“ಏಳಾಕಿಲ್ಲ ಕಣ್ಲಾ ಇವ್ರು, ಲಾಯರಲ್ವಾ,” ಎಂದು ಮತ್ತೊಬ್ಬರು ಪಕ್ಕದವರಿಗೆ ಹೇಳಿದರು. “ಎಣ್ಣೈಕ್ಳಿಗೂ ಪಾಲು ಅಂತ ಕಾನೂನು ಬೇರೆ ಬಂದದಂತೆ. ಎರಡು ದಿವಸದಿಂದ ನಮ್ಮನೇಲಿ ಒಲೆ ಹತ್ತಿಲ್ಲ ಸಾ. ಸೊಸೆ ಪೆಟ್ಟಿಗೇಲಿ ಈ ಚೀಟಿ ಕಂಡು ನಮ್ಮವ್ವ ಮಲಗವ್ಳೆ.”

ಈ ಹಂತದಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ತಪ್ಪು ತಿಳಿವಳಿಕೆಯನ್ನು ಸೌಜನ್ಯದಿಂದ ನಿವಾರಿಸಬೇಕೆಂದೂ ನಮಗೆ ಕಲಿಸಿದ್ದರು. ತಟ್ಟೆ ಹಿಡಿದು ಹೊರಗೆ ಬಂದೆ.

“ಯಾರೂ ಕೇಳಲಿಲ್ಲ, ನಾನೇ ಕೊಟ್ಟದ್ದು. ಮುಂದೆ ನಿಮ್ಮ ಮನೆಯಲ್ಲೂ ಪಾಲಾದಾಗ ಉಪಯೋಗಕ್ಕೆ ಬರಲಿ ಅಂತ.”

ಇವರು ಕಣ್ಣು ಮುಚ್ಚಿಕೊಂಡರು.

“ಶ್ರಾವಣ ಶುಕ್ರವಾರ,” ಎಂದರು ಹಿರಿಯರು, ಒಂದೊಂದೇ ಪದ ಎಣಿಸುವವರಂತೆ. “ಮುತ್ತೈದೆ ಮಡಿಲಿಗೆ ಮನೆ ಒಡೆಯೋ ಚೀಟಿ ಆಕಿದ್ದೀರಲ್ಲ, ತಾಯೀ.”

ಕಾಫಿಯನ್ನು ಯಾರೂ ಮುಟ್ಟಲಿಲ್ಲ. ಆರು ಲೋಟವನ್ನೂ ನಾವಿಬ್ಬರೇ ಕುಡಿದೆವು.

ಅಂದಿನಿಂದ ಊರಿನ ಜನ ನಮ್ಮ ಜಗಲಿಯನ್ನು ಕಂಡರೆ ಬೀದಿಯ ಆಚೆ ಬದಿಗೆ ಸರಿದು ನಡೆಯತೊಡಗಿದರು. ಇವರು ಬಾರ್ ರೂಮಿಗೆ ಹೋದರೆ ಹಿರಿಯ ವಕೀಲರೊಬ್ಬರು, “ಏನಪ್ಪಾ, ಕಾರ್ಡಿನ ಜತೆ ತೆಂಗಿನಕಾಯೂ ಉಂಟಂತೆ. ನಮಗಿಲ್ಲವೇ?” ಎಂದು ಕೇಳಿದರಂತೆ. ವಕೀಲರಾದವರು ಹೀಗೆ ಪ್ರಚಾರ ಮಾಡಿಕೊಳ್ಳುವಂತಿಲ್ಲ ಎಂದೂ ಸೇರಿಸಿದರಂತೆ. ಇವರು ಮನೆಗೆ ಬಂದು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಮ್ಮ ಮನೆಗೆ ಬರುವವರೆಂದರೆ ಹಿತ್ತಲ ಬಾಗಿಲಿನಿಂದ ಬರುವ ಸೊಸೆಯರು ಮಾತ್ರ. ಮಾಂಬಳ್ಳಿಯ ಹುಡುಗಿ ಸೆರಗು ಬಿಗಿದುಕೊಂಡು ಪಿಸುಗುಟ್ಟಿದಳು. “ಅಕ್ಕಾ, ಇನ್ನೊಂದ್ ಚೀಟಿ ಕೊಡಿ. ಮೊದಲಿಂದನ್ನ ನಮ್ಮತ್ತೆ ಒಲೆಗಾಕುದ್ರು.”

“ಯಾಕಮ್ಮಾ, ಪಾಲು ಕೇಳುತ್ತೀಯಾ?” ಎಂದೆ ಆಸೆಯಿಂದ.

“ಅಯ್ಯೋ ಇಲ್ಲ ಕಣಕ್ಕಾ. ಪೆಟ್ಟಿಗೇಲಿ ಅದು ಇದ್ದಷ್ಟ್ ದಿನ ನನ್ನ ಮುದ್ದೆಗೂ ತುಪ್ಪ ಬಿದ್ದಿತ್ತು.”

ಹೀಗೆ ಹನೂರಿನವರೆಗೂ ನನ್ನ ಸಂಪರ್ಕಜಾಲ ಹಬ್ಬಿತು. ಕಾರ್ಡುಗಳೂ ಮುಗಿದವು. ತುಪ್ಪ ಸಿಕ್ಕಮೇಲೆ ಯಾರು ಪಾಲು ಕೇಳುತ್ತಾರೆ? ಒಂದು ಕೇಸೂ ಬರಲಿಲ್ಲ.

ದೀಪಾವಳಿಗೆ ನಾಲ್ಕು ದಿನವಿತ್ತು. ನಾನು ಟ್ರಂಕಿಗೆ ಪಾತ್ರೆಗಳನ್ನು ತುಂಬುತ್ತಿದ್ದೆ. ಹೊರಗೆ, “ಲಾಯರು ಸಾ ಅವ್ರಾ?” ಎಂಬ ಧ್ವನಿ ಕೇಳಿತು. ಹೂಗ್ಯಂನಿಂದ ಬಂದ ರೈತ. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಜಮೀನಿನ ಪತ್ರಗಳು. ಪಕ್ಕದ ಹೊಲದವನು ಇವನ ಬದು ಒತ್ತಿಕೊಂಡಿದ್ದನಂತೆ. ಇವರು ಪತ್ರಗಳನ್ನು ಓದಿ, ಕೇಸು ನಡೆಸುವೆನೆಂದರು. ಅವನು ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ. ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದೆ. ನನ್ನ ಕಾರ್ಡು ಕಾಡಂಚಿನ ಹೂಗ್ಯಂ ಮುಟ್ಟಿತೇ?

“ನನ್ನ ಬಳಿ ಬರಲು ಹೇಳಿದ್ದು ಯಾರು?” ಎಂದು ಇವರೇ ಕೇಳಿದರು.

“ಯಾರ್ ಏಳ್ತಾರೆ ಸಾ? ನಂಗೆ ಮೂರ್ ಗಂಟೆ ಬಸ್ ಇಡೀಬೇಕು. ಬೇರೆ ಲಾಯರ ಮನೇಲಿ ಸಂಜೆಗಂಟ ಕಾಯಿಸ್ತಾರೆ. ಜನವೇ ಇಲ್ದಿರೋ ಲಾಯರ ಮನೆ ಎಲ್ಲದೆ ಅಂತ ಬಸ್ ಸ್ಟ್ಯಾಂಡಲ್ಲಿ ಕೇಳ್ದೆ. ಎಲ್ರೂ ನಿಮ್ದೇ ತೋರ್ಸಿದ್ರು.”

ಇವರು ಬಾಗಿಲ ಕಡೆ ತಿರುಗಿ, ನನಗೆ ಕೇಳಿಸುವಂತೆ, “ಇಂಥ ಹೆಸರು ನನ್ನೊಬ್ಬನಿಂದ ಆಗುತ್ತಿರಲಿಲ್ಲಪ್ಪ. ನಮ್ಮ ಮನೆಯವರ ಶ್ರಮ ಬಹಳ ಇದೆ,” ಎಂದರು.

ನಾನು ಬಾಗಿಲ ಹಿಂದೆಯೇ ಕೈಮುಗಿದು ಆ ಪ್ರಶಂಸೆಯನ್ನು ಸ್ವೀಕರಿಸಿದೆ.