ಕಸದ ಗಾಡಿಯ ವಿಶ್ವಸಂಗೀತ

ನ್ಯಾಮತಿಯ ಜನಕ್ಕೆ ಜಗತ್ತಿನ ಸಂಗೀತ ಕೇಳಿಸದೆ ಕಣ್ಣು ಮುಚ್ಚುವುದಿಲ್ಲ ಎಂದು ಯುಗಾದಿಯ ದಿನ ಬೇವು-ಬೆಲ್ಲ ಬಾಯಲ್ಲಿಟ್ಟುಕೊಂಡೇ ಪ್ರತಿಜ್ಞೆ ಮಾಡಿದೆ!

ಪ್ರತಿಜ್ಞೆ ಮಾಡುವ ಅಧಿಕಾರ ನನಗಿದೆ. ಈ ಪಂಚಾಕ್ಷರಪ್ಪ ಓದಿದ್ದು ನಾಲ್ಕನೇ ಕ್ಲಾಸು, ಕೇಳಿದ್ದು ನಾಲ್ಕು ಖಂಡ. ರೇಡಿಯೋ ರಿಪೇರಿಯನ್ನು ನನಗೆ ಕಲಿಸಿದ್ದು ಕೆಟ್ಟ ರೇಡಿಯೋಗಳೇ. ರಿಪೇರಿಯಾದದ್ದು ಸರಿಯಾಗಿದೆಯೇ ಎಂದು ಮುಳ್ಳು ತಿರುಗಿಸುತ್ತಾ ತಿರುಗಿಸುತ್ತಾ, ಹೊನ್ನಾಳಿ ಸೇತುವೆ ದಾಟದವನು ಕ್ಯೂಬಾ ದಾಟಿಬಂದೆ. ಗಿರಾಕಿ ಬಂದರೆ "ಇನ್ನೂ ಟೆಸ್ಟಿಂಗ್ ನಡೀತಾ ಐತೆ" ಎನ್ನುತ್ತಿದ್ದೆ. ಟೆಸ್ಟಿಂಗ್ ನಡೆಯುತ್ತಿದ್ದದ್ದು ನನ್ನ ಕಿವಿಗೆ!

ಈಗ ಫೋನಿನಲ್ಲಿ ಎಲ್ಲವೂ ಸಿಗುತ್ತದೆ. ನನ್ನ ಮೆಚ್ಚಿನವನ್ನೆಲ್ಲ ಆರಿಸಿ ಒಂದು ಪೆನ್ ಡ್ರೈವಿಗೆ ತುಂಬಿದ್ದೆ. ಮಂಗೋಲಿಯಾದ ಕುರಿಗಾಹಿ ಒಂದೇ ಗಂಟಲಲ್ಲಿ ಎರಡು ಸ್ವರ ಹೊರಡಿಸುವುದು, ಅದರ ಮಗ್ಗುಲಿಗೇ ನಮ್ಮ ಕಡೆಯ ತತ್ವಪದ, ಕ್ಯೂಬಾದ ತುತ್ತೂರಿ, ಪೋರ್ಚುಗಲ್ ಹೆಂಗಸಿನ ವಿರಹ. ಎಲ್ಲಕ್ಕೂ ಕಳಶವಿಟ್ಟಂತೆ ಆಫ್ರಿಕಾದ ಮಾಲಿ ದೇಶದ ಮುದುಕನೊಬ್ಬ ಭಾರಿ ಸೋರೆ ಬುರುಡೆಗೆ ತಂತಿ ಬಿಗಿದು ನುಡಿಸಿದ್ದು. ಅದನ್ನು ಕೇಳಿದರೆ ಎದೆಯೊಳಗೆ ಯಾರೋ ಕಾಳು ಕೇರಿದ ಹಾಗಾಗುತ್ತದೆ.

ಕೇಳುವವರು ಬೇಕಲ್ಲ! ಒಬ್ಬರಾದರೂ ಕೊನೆಯವರೆಗೆ ಕೇಳಿ "ಚೆನ್ನಾಗೈತೆ" ಅನ್ನಬೇಕು, ಇಷ್ಟೇ ನನ್ನ ಆಸೆ. ಹೆಂಡತಿ ಕಲ್ಲಮ್ಮನಿಂದಲೇ ಶುರು ಮಾಡಿದೆ. ತಂತಿ ನಾಲ್ಕು ಸಲ ಮಿಡಿಯುವುದರೊಳಗೆ ಎದ್ದಳು.

"ಎಲ್ಲಿಗೆ?"

"ಕುಕ್ಕರ್ ಸೀಟಿ ಕೇಳಿಸ್ತಿಲ್ಲ ಕಣ್ರೀ."

"ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ ಆತು!"

"ಆ ಕೋಣ ನಿಂತ್ಕಂಡು ಕೇಳಿದ್ದು ಕಟ್ಟಿ ಹಾಕಿದ್ದಕ್ಕೆ ಕಣ್ರೀ. ನನ್ನನ್ನ ಯಾರೂ ಕಟ್ಟಿ ಹಾಕಿಲ್ಲ!"

ಹೀಗಿರುವಾಗ ಕಸದ ಗಾಡಿಯ ಭೀಮೇಶ ಅಂಗಡಿಗೆ ಬಂದ. ಜಗಳೂರು ಕಡೆಯ ಹುಡುಗ; ಗಟ್ಟಿ ಗಂಟಲಿನವನು. ಅವತ್ತು ಆ ಗಂಟಲೇ ಇರಲಿಲ್ಲ.

"ಯಜಮಾನ್ರೆ, ಗಾಡಿ ಸ್ಪೀಕರ್ ಸತ್ತೋಗೈತೆ. 'ಹಸಿ ಕಸ, ಒಣ ಕಸ' ಅಂತ ಹಾಡ್ತಿತ್ತಲ್ಲ, ಆ ಪೆನ್ ಡ್ರೈವೂ ಸುಟ್ಟೋಗೈತೆ. ಬೀದಿ ಬೀದೀಲಿ ಕೂಗಿ ಕೂಗಿ ನನ್ ಗಂಟಲು ಬಿದ್ದೋತು."

ನನ್ನ ತಲೆಯಲ್ಲಿ ಬಲ್ಬು ಹತ್ತಿತು. ಮನೆ ಮನೆಯ ಬಾಗಿಲಿಗೆ ಹೋಗುವ ಸ್ಪೀಕರು! ಅಷ್ಟು ದೊಡ್ಡ ಸಭೆ ಯಾವ ವಿದ್ವಾಂಸನಿಗೆ ಸಿಕ್ಕೀತು? ಆಂಪ್ಲಿಫೈಯರ್ ಬಿಚ್ಚಿ, ತಂತಿ ಬೆಸುಗೆ ಹಾಕಿ, ನನ್ನ ಪೆನ್ ಡ್ರೈವ್ ಸಿಕ್ಕಿಸಿಯೇಬಿಟ್ಟೆ.

"ದುಡ್ಡು ಬ್ಯಾಡ ಭೀಮೇಶ. ಇದನ್ನ ಹಾಕ್ಕಂಡು ಊರು ಸುತ್ತು, ಸಾಕು."

"ಯಾವ್ದೋ ಒಂದು ಸದ್ದು ಬಂದ್ರೆ ಆತು ಬಿಡ್ರಿ."

ಮರುದಿನ ಬೆಳಿಗ್ಗೆ ವಿಶ್ವಸಂಗೀತದ ದಿಗ್ವಿಜಯ ಹೊರಟಿತು. ನಾನು ಮೀಸೆ ತೀಡಿಕೊಂಡು, ಸ್ವಲ್ಪ ದೂರದಲ್ಲಿ ಹಿಂಬಾಲಿಸಿದೆ. ಮೊದಲ ಬೀದಿಯಲ್ಲಿ ಮಂಗೋಲಿಯಾ. ಟೀ ಅಂಗಡಿಯವನು ಓಡಿಬಂದ. "ಏ ಭೀಮೇಶ, ಗಾಡಿ ನಿಲ್ಸೋ! ಗೇರ್ ಬಾಕ್ಸ್ ಹೋಗೈತೆ!" ಎರಡನೆಯದರಲ್ಲಿ ಕ್ಯೂಬಾದ ತುತ್ತೂರಿ. ಮದುವೆ ದಿಬ್ಬಣವೆಂದು ಮಕ್ಕಳು ಹೊರಬಂದು, ವರನನ್ನು ಹುಡುಕಿ, ಕಸ ಕಂಡು ಒಳಗೆ ಹೋದವು. ಮೂರನೆಯದರಲ್ಲಿ ಪೋರ್ಚುಗಲ್ ಹೆಂಗಸು ಬಾಯಿ ತೆರೆದಳೋ ಇಲ್ಲವೋ, ಅಜ್ಜಿಯೊಬ್ಬಳು ತಲೆ ಮೇಲೆ ಸೆರಗು ಎಳೆದುಕೊಂಡು ಬಂದು ಭೀಮೇಶನ ಕೈ ಹಿಡಿದಳು.

"ಯಾರಪ್ಪಾ ತೀರ್ಕಂಡಿದ್ದು?"

ಎಲ್ಲರೂ ಹೊರಗೆ ಬಂದರು. ಕಸ ಮಾತ್ರ ಬರಲಿಲ್ಲ! ಇದು ಕಸದ ಗಾಡಿ ಎಂದು ಒಬ್ಬರಿಗಾದರೂ ಹೊಳೆಯಬೇಕಲ್ಲ! ಗಾಡಿ ಹೋದ ಹಾಗೇ ಖಾಲಿ ವಾಪಸ್ಸಾಯಿತು. ಬೇಸಿಗೆಯ ದಿನ, ಬಕೆಟ್ಟುಗಳಲ್ಲಿ ಕಲ್ಲಂಗಡಿ ಸಿಪ್ಪೆ ನೊಣಗಳಿಗೆ ಔತಣ ಹಾಕತೊಡಗಿತು. ಮಾರನೆಯ ದಿನವೂ ಅದೇ ಕತೆ.

ಮೂರನೆಯ ದಿನ ನಮ್ಮ ಮನೆ ಗೇಟಿನ ಮುಂದೆ ಬಕೆಟ್ಟುಗಳ ಸಾಲು. ಸಾಲಿನ ತಲೆಯಲ್ಲಿ ಹಿಂದಿನ ಬೀದಿಯ ವನಜಾಕ್ಷಿ, ಸೊಂಟದ ಮೇಲೆ ಕೈ.

"ಹಾಡು ನಿಮ್ದಂತಲ್ರೀ ಪಂಚಾಕ್ಷರಪ್ಪಾರೆ? ಭೀಮೇಶ ಹೇಳ್ದ. ಅಂಗಾರೆ ಕಸಾನೂ ನೀವೇ ಇಸ್ಕಳ್ಳಿ!"

"ತಾಯೀ, ಅದು ಲೋಕಪ್ರಸಿದ್ಧ ಸಂಗೀತ..."

"ಇದೂ ಲೋಕಪ್ರಸಿದ್ಧ ವಾಸನೇನೇ ಕಣ್ರೀ, ನೋಡ್ರಿ!" ಎಂದು ಮುಚ್ಚಳ ತೆಗೆದಳು.

ಕಲ್ಲಮ್ಮ ಒಳಗಿನಿಂದ ನನ್ನ ಹಳೇ ಪಂಚೆ ತಂದು ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟಳು. ಆ ಬಕೆಟ್ಟುಗಳ ಕಸವನ್ನೆಲ್ಲ ಹೊತ್ತು ಭೀಮೇಶನ ಗಾಡಿಗೆ ಸುರಿದೆ. ಸುರಿಯುತ್ತಲೇ ತೀರ್ಮಾನಿಸಿದೆ: ಸೋಲಬಾರದು! ತಪ್ಪು ಸಂಗೀತದ್ದಲ್ಲ. ದಿನಕ್ಕೊಂದು ಬೀದಿಗೊಂದು ಹಾಡು ಹಾಕಿದರೆ ಪಾಪ, ಜನ ಗುರುತು ಹಿಡಿಯುವುದು ಹೇಗೆ? ಇನ್ನು ಮೇಲೆ ಒಂದೇ ಹಾಡು. ನನ್ನ ರತ್ನ, ಮಾಲಿಯ ಮುದುಕ!

ಹಟ ಫಲಿಸಿತು ನೋಡಿ! ಎರಡು ವಾರದಲ್ಲಿ ಇಡೀ ಊರಿಗೆ ಮುದುಕ ಪರಿಚಯವಾದ. ಅವನ ಮೊದಲ ತಂತಿ ಮಿಡಿದರೆ ಬಾಗಿಲುಗಳು ತೆರೆಯುತ್ತಿದ್ದವು. ಸ್ಕೂಲ್ ಮಕ್ಕಳು ಅದನ್ನೇ ಶಿಳ್ಳೆ ಹಾಕಿದವು. ಒಂದು ದಿನ ಕಲ್ಲಮ್ಮ ಪಾತ್ರೆ ತಿಕ್ಕುತ್ತಾ ಅದನ್ನೇ ಗುನುಗುತ್ತಿದ್ದಳು! ಆವತ್ತು ನಾನು ನೆಲದ ಮೇಲೆ ನಡೆಯಲಿಲ್ಲ.

ಈ ಕೀರ್ತಿ ಹಿರಿಯರ ಸಂಘದ ಅಧ್ಯಕ್ಷ ಮಲ್ಲೇಶಪ್ಪನಿಗೂ ಮುಟ್ಟಿತು. ಭಾನುವಾರ ಸಮುದಾಯ ಭವನದಲ್ಲಿ "ದೇಶ ವಿದೇಶಗಳ ನನ್ನ ಮೆಚ್ಚಿನ ಸಂಗೀತ" ಎಂದು ಕಾರ್ಯಕ್ರಮ ಇಟ್ಟೇಬಿಟ್ಟ. ಕುರ್ಚಿ ತುಂಬ ಜನ! ಇಸ್ತ್ರಿ ಮಾಡಿದ ಜುಬ್ಬಾ ಹಾಕಿ, ಮೈಕಿನ ಮುಂದೆ ನಿಂತು, ಬುರುಡೆಯ ಮಹಿಮೆ, ತಂತಿಯ ಮಹಿಮೆ, ಸಂದರ್ಭ ನೋಡಿ ನನ್ನ ಮಹಿಮೆ, ಎಲ್ಲ ವಿವರಿಸಿದೆ.

"ಈಗ ಕಣ್ಣು ಮುಚ್ಚಿ ಕೇಳಿ!" ಎಂದು ಗುಂಡಿ ಒತ್ತಿದೆ.

ಮೊದಲ ತಂತಿ ಮಿಡಿಯಿತು. ಇಡೀ ಸಭೆ ಎದ್ದು ನಿಂತಿತು!

ನನ್ನ ಕಣ್ಣು ತುಂಬಿಬಂತು. ಎದ್ದು ನಿಂತು ಗೌರವ! ಕೈ ಮುಗಿಯೋಣವೆಂದು ಎತ್ತಿದೆ.

"ಗಾಡಿ ಬಂತು!" ಎಂದಳು ವನಜಾಕ್ಷಿ.

"ಭೀಮೇಶ ಭಾನುವಾರ ತಡ ಅಂದಿದ್ದ, ಬಂದೇಬಿಟ್ನಲ್ಲ! ಹೊರಡ್ರೇ, ಬಕೆಟ್ ಇನ್ನೂ ಮನೆಯೊಳಗೇ ಐತೆ!" ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬಳು ಕೂಗಿದಳು.

ಚಪ್ಪಲಿ ಹುಡುಕಲೂ ನಿಲ್ಲದೆ ಜನ ಬಾಗಿಲಿಗೆ ನುಗ್ಗಿದರು. ಅಧ್ಯಕ್ಷ ಮಲ್ಲೇಶಪ್ಪನೂ ವೇದಿಕೆಯ ಕೆಳಗಿದ್ದ ಕಸದ ಬುಟ್ಟಿ ಎತ್ತಿಕೊಂಡು ಪಂಚೆ ಮಡಚಿ ಓಡಿದ! ಖಾಲಿ ಕುರ್ಚಿಗಳ ಮುಂದೆ ಮುದುಕ ಒಬ್ಬನೇ ನುಡಿಸುತ್ತಿದ್ದ.

ಒಬ್ಬನೇ ಅಲ್ಲ. ಮುಂದಿನ ಸಾಲಿನಲ್ಲಿ ಕಲ್ಲಮ್ಮ ಕೂತೇ ಇದ್ದಳು.

"ನೀನೊಬ್ಳಾದ್ರೂ ಕೂತ್ಯಲ್ಲ ಕಲ್ಲಮ್ಮಾ!"

"ನಮ್ ಬೀದಿಗೆ ಬೆಳಗ್ಗೇನೇ ಬಂದಿತ್ತು ಕಣ್ರೀ. ಕಸ ಹಾಕೇ ಬಂದೀನಿ."

ನಾನು ಗುಂಡಿಯತ್ತ ಕೈ ಚಾಚಿದೆ.

"ಆರಿಸಬ್ಯಾಡಿ. ಮುಂದಕ್ಕೆ ಏನೈತೆ ಕೇಳಾಣ. ದಿನಾ ಅರ್ಧಕ್ಕೇ ಆ ಭೀಮೇಶ ಮೂಲೆ ತಿರುಗಿಸ್ಕಂಡು ಹೋಗ್ಬಿಡ್ತಾನೆ."

ಕೂತೆವು, ಇಬ್ಬರೇ. ಕೊನೆಯ ತಂತಿಯ ನಡುಕ ನಿಲ್ಲುವವರೆಗೂ ಅವಳು ಕದಲಲಿಲ್ಲ. ನಾನು ಉಸಿರು ಬಿಗಿಹಿಡಿದು ಕೇಳಿದೆ: "ಹೆಂಗೈತೆ?"

"ಚೆನ್ನಾಗೈತೆ."

ನನ್ನ ಜನ್ಮ ಸಾರ್ಥಕ! ಮೀಸೆಗೆ ಕೈ ಹೋಯಿತು.

ಕಲ್ಲಮ್ಮ ಸೆರಗು ಕೊಡವಿ ಎದ್ದಳು. "ಆದ್ರೆ ಹಾಡು ಸಾಕು ಅಂತ ಮೂಲೆ ತಿರುಗಿಸೋ ಜಾಗ ಮಾತ್ರ ಭೀಮೇಶಂಗೆ ನಿಮಗಿಂತ ಚೆನ್ನಾಗಿ ಗೊತ್ತೈತೆ ನೋಡ್ರಿ!"