ಕಲಬುರಗಿಯ ಸೂರ್ಯ ಮತ್ತು ನನ್ನ ಸಬೂರ್

ಸಬೂರ್ ಮಾಡಿ ಎಂದು ಉಪದೇಶ ಕೊಡುವುದರಲ್ಲಿ ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ಉಮದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬದ ಮಾತಲ್ಲ, ಕಸುಬಿನ ಮಾತು. ನಾನು ಟೇಲರ್. ಮೂವತ್ತು ವರ್ಷಗಳಿಂದ ದಿನಕ್ಕೆ ಹತ್ತು ಮಂದಿಗಾದರೂ "ಸ್ವಲ್ಪ ಸಬೂರ್ ಮಾಡ್ರಿ, ನಾಳೆ ಕೊಡ್ತೀನಿ" ಎಂದು ಹೇಳುತ್ತ ಬಂದಿದ್ದೇನೆ. ಇಡೀ ಊರು ತಾಳ್ಮೆ ಕಲಿತಿದ್ದರೆ ಅದರಲ್ಲಿ ನನ್ನ ಪಾಲು ದೊಡ್ಡದು. ನನ್ನ ಸ್ವಂತದ ಸಬೂರ್ ಎಷ್ಟು ಎಂದು ಮಾತ್ರ ಯಾರೂ ಕೇಳಬಾರದು. ಚಹಾ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವವನು ನಾನು. ಸೂಜಿಗೆ ದಾರ ಮೂರನೇ ಸಲಕ್ಕೂ ಏರದಿದ್ದರೆ ಸೂಜಿ ಮಾಡಿದವನ ವಂಶವನ್ನೇ ವಿಚಾರಿಸಿಕೊಳ್ಳುತ್ತೇನೆ.

ಹೆಂಡತಿ ಜುಬೇದಾ ಇದಕ್ಕೆ ತದ್ವಿರುದ್ಧ. ಅವಳ ಬಾಯಲ್ಲಿ ಸದಾ ಶುಕ್ರ್, ಅಂದರೆ ದೇವರ ಉಪಕಾರ ಸ್ಮರಣೆ. ಕರೆಂಟು ಹೋದರೆ, "ಶುಕ್ರ್, ಹಿಟ್ಟು ಬೀಸಿಸಿಕೊಂಡ ಮ್ಯಾಲ ಹೋತು" ಅನ್ನುತ್ತಾಳೆ. ನಲ್ಲಿಯ ನೀರು ನಾಲ್ಕು ದಿನಕ್ಕೊಮ್ಮೆ ಬಂದರೆ, "ಶುಕ್ರ್, ಐದ ದಿನ ಆಗ್ಲಿಲ್ಲ." ನನ್ನಂಥ ಸಿಡುಕನನ್ನು ಮದುವೆಯಾದದ್ದಕ್ಕೆ ಏನನ್ನುತ್ತಾಳೆ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಹೋದ ರಮಜಾನಿನಲ್ಲಿ ನಮ್ಮ ಮಸೀದಿಯವರು ಒಂದು ಸಂಜೆ ಊರಿನ ಲಿಂಗಾಯತ ನೆಂಟರಿಷ್ಟರನ್ನೂ ಹೊತ್ತು ಮುಳುಗಿದ ಮೇಲೆ ಉಪವಾಸ ಬಿಡುವ ಇಫ್ತಾರಿಗೆ ಕರೆದರು. ನೆಂಟರಿಷ್ಟರು ಎಂದು ಬೇಕೆಂದೇ ಬರೆದೆ. ನಮ್ಮಲ್ಲಿ ಕಾಕಾ, ಅಣ್ಣ ಎಂದು ಕರೆಯದೆ ಯಾರ ಜೊತೆಗೂ ಮಾತು ಸಾಗುವುದಿಲ್ಲ. ಬಂದವರಿಗೆ ನಮ್ಮ ಈ ಉಪವಾಸ, ರೋಜಾ, ಅಂದರೇನು ಎಂದು ಕನ್ನಡದಲ್ಲಿ ನಾಲ್ಕು ಮಾತು ಹೇಳಬೇಕಲ್ಲ? ಇಮಾಮ್ ಸಾಹೇಬರು ಲಾತೂರಿನ ಕಡೆಯವರು. ಅವರಿಗೆ ಉರ್ದು ಬರುತ್ತದೆ, ಮರಾಠಿ ಬರುತ್ತದೆ, ಕನ್ನಡ ಬರುವುದಿಲ್ಲ. ನಾನು ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆ ಓದಿದವನು. ಆದ್ದರಿಂದ ಸಬೂರ್ ಮತ್ತು ಶುಕ್ರ್ ಎಂಬ ವಿಷಯದ ಮೇಲೆ ಮಾತಾಡುವ ಭಾರ ನನ್ನ ಮೇಲೆ ಬಿತ್ತು.

ಸುದ್ದಿ ಕೇಳಿ ಜುಬೇದಾ ಸೆರಗು ಬಾಯಿಗೆ ಒತ್ತಿಕೊಂಡಳು. "ಸಬೂರದ ಬಗ್ಗೆ? ನೀವಾ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಇರ್ಲಿ, ಶುಕ್ರ್, ಸಿಟ್ಟಿನ ಬಗ್ಗೆ ಕೇಳ್ಲಿಲ್ಲ" ಎಂದು ಸೇರಿಸಿದಳು.

ಆ ದಿನ ಮಸೀದಿಯ ಅಂಗಳದಲ್ಲಿ ನಲವತ್ತು ಜನರಾದರೂ ಸೇರಿದ್ದರು. ಎಲ್ಲರ ಮುಂದೆ ಕಲ್ಲಂಗಡಿ, ಭಜಿ, ಶರಬತ್ತು. ಒಬ್ಬೊಬ್ಬರ ಕೈಗೂ ಒಂದೊಂದು ಖರ್ಜೂರ ಕೊಟ್ಟಿದ್ದರು. ಮುಂದಿನ ಸಾಲಿನಲ್ಲಿ ನನ್ನ ಅಂಗಡಿಯ ಎದುರಿನ ಕಿರಾಣಿ ಮಲ್ಲಪ್ಪನವರು ಕುಳಿತಿದ್ದರು. ಅವರನ್ನು ನೋಡಿದಾಗಲೆಲ್ಲ ನನ್ನ ಕಣ್ಣು ನೆಲ ನೋಡುತ್ತದೆ. ಸಂಕ್ರಾಂತಿಗೆ ಹಾಕಿಕೊಳ್ಳುತ್ತೇನೆಂದು ಅವರು ಕೊಟ್ಟ ಬಿಳಿ ಬಟ್ಟೆ ಇನ್ನೂ ನನ್ನ ಕಪಾಟಿನಲ್ಲಿ ಅಂಗಿಯಾಗುವ ಯೋಗಕ್ಕಾಗಿ ಕಾಯುತ್ತಿತ್ತು.

ಆದರೂ ಎದ್ದು ನಿಂತ ಮೇಲೆ ಮಾತು ಚೆನ್ನಾಗಿಯೇ ಬಂತು. "ಈಮಾನು, ಅಂದ್ರ ದೇವರ ಮ್ಯಾಲಿನ ನಂಬಿಕಿ, ಅಂಗಿ ಇದ್ದಂಗ," ಎಂದೆ. "ಅದಕ್ಕ ಎರಡ ತೋಳು. ಕಷ್ಟ ಬಂದಾಗ ಸಬೂರ್, ಸುಖ ಬಂದಾಗ ಶುಕ್ರ್. ಒಂದ ತೋಳು ಗಿಡ್ಡ ಆದ್ರ ಆ ಅಂಗಿ ಮೈಗೆ ಹತ್ತೂದಿಲ್ರಿ." ಜನ ತಲೆದೂಗಿದರು. ನನಗೆ ಹುರುಪೇರಿತು. ಖರ್ಜೂರ ಹಿಡಿದ ಕೈಯನ್ನೇ ಮೇಲೆತ್ತಿ, ಹಸಿದ ಹೊಟ್ಟೆಯವನು ಕೈಯಲ್ಲಿರುವ ತುತ್ತನ್ನು ದೇವರ ಹೊತ್ತಿಗಾಗಿ ತಡೆದು ಹಿಡಿಯುತ್ತಾನಲ್ಲ, ಅದೇ ಸಬೂರ್ ಎಂದೆ.

ಅಷ್ಟರಲ್ಲಿ ಅಜಾನ್ ಆಯಿತು. ಮೂವತ್ತು ದಿನ ರೋಜಾ ಹಿಡಿಯುವವನ ಕೈ ಅಜಾನ್ ಕೇಳಿದ ಮೇಲೆ ಮಾಲೀಕನ ಅಪ್ಪಣೆ ಕೇಳುವುದಿಲ್ಲ. ಬಿಸ್ಮಿಲ್ಲಾ ಎಂದು ಖರ್ಜೂರವನ್ನು ಬಾಯಿಗೆ ಹಾಕಿ ಅಗಿದು ನುಂಗಿಯೇ ಬಿಟ್ಟೆ. ನುಂಗಿದ ಮೇಲೆ ನೋಡುತ್ತೇನೆ, ಬೇರೆ ಯಾರೂ ತಿನ್ನುತ್ತಿಲ್ಲ. ನಲವತ್ತು ಜನರೂ ನನ್ನ ಕಿಸೆಯನ್ನೇ ನೋಡುತ್ತಿದ್ದರು. ಅಜಾನ್ ಬರುತ್ತಿದ್ದದ್ದು ಅಲ್ಲಿಂದ!

ನಡೆದದ್ದಿಷ್ಟು. ಮಗಳನ್ನು ಕೊಟ್ಟದ್ದು ಕಲಬುರಗಿಗೆ. ರಮಜಾನಿಗೆ ಮುಂಚೆ ಅಲ್ಲಿಗೆ ಹೋಗಿದ್ದಾಗ ಅಳಿಯ ಪ್ರೀತಿಯಿಂದ ನನ್ನ ಮೊಬೈಲಿನಲ್ಲಿ ನಮಾಜಿನ ಹೊತ್ತು ತಿಳಿಸುವ ಆ್ಯಪ್ ಹಾಕಿಕೊಟ್ಟಿದ್ದ, ಅವನ ಊರಿನ ಹೊತ್ತಿಗೆ. ಇಷ್ಟು ದಿನ ರೋಜಾ ಬಿಡುವ ಹೊತ್ತಿಗೆ ಮೊಬೈಲು ಅಂಗಡಿಯಲ್ಲೇ ಇರುತ್ತಿತ್ತು, ಗೊತ್ತಾಗಿರಲಿಲ್ಲ. ಕಲಬುರಗಿಯಲ್ಲಿ ಹೊತ್ತು ನಮಗಿಂತ ನಾಲ್ಕೈದು ನಿಮಿಷ ಮೊದಲೇ ಮುಳುಗುತ್ತದೆ. ಅಂದರೆ ನಾನು ಮಹಾರಾಷ್ಟ್ರದಲ್ಲಿ ನಿಂತು ಕರ್ನಾಟಕದ ಸೂರ್ಯನ ಲೆಕ್ಕದಲ್ಲಿ ರೋಜಾ ಬಿಟ್ಟಿದ್ದೆ.

ಇಮಾಮ್ ಸಾಹೇಬರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ತಿಳಿಯದೆ ಆದದ್ದು, ಅಲ್ಲಾಹ್ ಕ್ಷಮಿಸುವವನು, ಈದ್ ಆದ ಮೇಲೆ ಇದರ ಬದಲಿಗೆ ಒಂದು ರೋಜಾ ಹಿಡಿಯಿರಿ, ಈಗ ಹೊತ್ತು ಮುಳುಗುವ ತನಕ ಏನೂ ಮುಟ್ಟಬೇಡಿ ಎಂದು ಮೆಲ್ಲಗೆ ಹೇಳಿದರು. ಆಮೇಲೆ, ಇನ್ನೂ ನಾಲ್ಕು ನಿಮಿಷ ಇದೆ, ಮಾತು ಮುಂದುವರಿಸಿ ಎಂದು ಕೈ ಮಾಡಿದರು. ಒಣಗಿದ ಬಾಯಲ್ಲಿ ಖರ್ಜೂರದ ಸಿಹಿ, ಎದುರಿಗೆ ನಲವತ್ತು ಜನ, ವಿಷಯ ಸಬೂರ್. ಏನು ಮಾತಾಡಿದೆನೋ ನನಗೆ ನೆನಪಿಲ್ಲ. ನೆನಪಿರುವುದು ಮಲ್ಲಪ್ಪನವರ ಕೈ ಮಾತ್ರ. ಅವರಿಗೆ ರೋಜಾ ಇರಲಿಲ್ಲ, ಮಧ್ಯಾಹ್ನ ರೊಟ್ಟಿ ಊಟ ಆಗಿತ್ತು. ಆದರೂ ಉಳಿದವರು ತಿನ್ನುವ ತನಕ ತಾನೂ ತಿನ್ನಬಾರದೆಂದು ಅವರು ಖರ್ಜೂರವನ್ನು ಅಂಗೈಯಲ್ಲಿ ಹಾಗೇ ಹಿಡಿದುಕೊಂಡು ಕುಳಿತಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹದಿಮೂರು ತಾಸು ಹಸಿದದ್ದು ಕೊನೆಯ ನಾಲ್ಕು ನಿಮಿಷದಲ್ಲಿ ಕೈಬಿಟ್ಟು ಹೋಯಿತಲ್ಲ!

ಮನೆಗೆ ಬಂದು ಹೇಳಿದರೆ ಜುಬೇದಾ ನಗಲಿಲ್ಲ. "ಶುಕ್ರ್ ಅನ್ರಿ, ನಿಮ್ಮನ್ನ ನೋಡಿ ನಲವತ್ತ ಮಂದೀನೂ ತಿಂದಿದ್ರ ಏನ ಮಾಡ್ತಿದ್ರಿ? ಒಂದ ರೋಜಾದಾಗ ಮುಗೀತು" ಎಂದಳು. ಮೊದಲ ಸಲ ಅವಳ ಶುಕ್ರ್ ನನಗೆ ಔಷಧಿಯ ಹಾಗೆ ಹತ್ತಿತು.

ಈದ್ ಆಗಿ ಎಂಟು ದಿನಕ್ಕೆ ಆ ಬದಲಿ ರೋಜಾ ಹಿಡಿದೆ. ಜುಬೇದಾ, "ಒಬ್ರ ಯಾಕ ಹಿಡೀತೀರಿ" ಎಂದು ತಾನೂ ಹಿಡಿದಳು. ಊರೆಲ್ಲ ಚಹಾ ಕುಡಿಯುವಾಗ ಅಂಗಡಿಯಲ್ಲಿ ಒಬ್ಬನೇ ಹಸಿದಿರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಆ ದಿನ ಯಾರ ಮೇಲೂ ಸಿಡುಕಬಾರದೆಂದು ಹಟ ತೊಟ್ಟು, ಕಪಾಟಿನಿಂದ ಮಲ್ಲಪ್ಪನವರ ಬಟ್ಟೆ ತೆಗೆದು ಕತ್ತರಿಸಿದೆ. ಸಂಜೆಯೊಳಗೆ ಮುಗಿಸಲೇಬೇಕೆಂದು ಒಂದೇ ಸಮನೆ ಮಶಿನ್ ತುಳಿದೆ.

ಹೊತ್ತು ಇಳಿಯುವಾಗ, ನನ್ನ ಬದಲಿ ರೋಜಾದ ಸುದ್ದಿ ತಿಳಿದಿದ್ದ ಮಲ್ಲಪ್ಪನವರು ತಮ್ಮ ಅಂಗಡಿಯಿಂದ ಖರ್ಜೂರದ ಪೊಟ್ಟಣ ಹಿಡಿದು ಬಂದರು. "ಕುಂದ್ರಿ" ಎಂದೆ, ಅಂಗಿ ಕೊಟ್ಟೆ. ಅವರು ಅಲ್ಲೇ ತೊಟ್ಟುಕೊಂಡು ಎರಡೂ ಕೈ ಮುಂದೆ ಚಾಚಿದರು. ಎಡತೋಳು ಬಲತೋಳಿಗಿಂತ ಎರಡು ಬೆರಳು ಗಿಡ್ಡ.

ಮಲ್ಲಪ್ಪನವರು ಗಿಡ್ಡ ತೋಳಿನ ತುದಿಯನ್ನು ಹಿಡಿದು ಎಳೆದು ನೋಡಿದರು. "ಮಾಸ್ತರ, ಇದು ಯಾವ ತೋಳ್ರಿ? ಸಬೂರದ್ದೋ, ಶುಕ್ರದ್ದೋ?" ಎಂದರು. ಆಮೇಲೆ ಎರಡೂ ತೋಳನ್ನು ಮೊಣಕೈತನಕ ಮಡಚಿಕೊಂಡು, "ಇರ್ಲಿ ಬಿಡ್ರಿ, ಬ್ಯಾಸಗಿಗೆ ಹಿಂಗೇ ಚಲೋ. ಕಡೀಕ ಹೊಲದ್ರಲ್ಲ, ಅದ ಭಾಳ ಆತು" ಎಂದು ನಕ್ಕರು.

"ಛೇ, ಬಿಚ್ಚಿ ಸರಿ ಮಾಡಿ ಕೊಡ್ತೀನ್ರಿ" ಎಂದೆ.

"ಯಾವಾಗ?" ಎಂದರು.

ಅದೇ ಹೊತ್ತಿಗೆ ಮಸೀದಿಯ ಅಜಾನ್ ಆಯಿತು. ಕಿಸೆ ಮುಟ್ಟಿ ನೋಡಿಕೊಂಡೆ, ಮೊಬೈಲು ಮನೆಯಲ್ಲಿತ್ತು. "ಸ್ವಲ್ಪ ಸಬೂರ್ ಮಾಡ್ರಿ, ನಾಳೆ ಕೊಡ್ತೀನಿ" ಎಂಬ ಮಾತು ಮೂವತ್ತು ವರ್ಷದ ರೂಢಿಯಂತೆ ನಾಲಿಗೆಯ ತುದಿತನಕ ಬಂದಿತ್ತು. ಅವರು ಕೊಟ್ಟ ಖರ್ಜೂರದ ಜೊತೆ ಅದನ್ನೂ ನುಂಗಿದೆ, ಈ ಸಲ ಸರಿಯಾದ ಹೊತ್ತಿಗೆ.